ಕಣ್ಣು ಮುಚ್ಚಿದ ಕೈ

ಮೊದಲು ಕಷ್ಟವಾದದ್ದು ಕುಳಿತುಕೊಳ್ಳುವುದು.

ನಮ್ಮ ಮನೆಯಲ್ಲಿ ಊಟಕ್ಕೆ ಬೇರೆ ಬೇರೆ ತಟ್ಟೆಗಳಿಲ್ಲ. ನೆಲಕ್ಕೆ ಬಟ್ಟೆ ಹಾಸಿ, ನಡುವೆ ಗಿಡ್ಡ ಮಣೆಯಿಟ್ಟು, ಅದರ ಮೇಲೆ ಒಂದೇ ದೊಡ್ಡ ಹರಿವಾಣ ಇಡುತ್ತೇವೆ. ಎಲ್ಲರೂ ಅದರ ಸುತ್ತ ಮೊಣಕಾಲು ಮಡಿಸಿ, ತೋಳಿಗೆ ತೋಳು ತಾಗುವಂತೆ ಕೂಡಬೇಕು. ಮನೆಯ ಚಿಕ್ಕವರು ಉಪ್ಪಿನ ಬಟ್ಟಲು ಹಿಡಿದು ಎಲ್ಲರ ಮುಂದೆ ಬರುತ್ತಾರೆ. ಒಂದು ಚಿಟಿಕೆ ನಾಲಿಗೆಗೆ ಇಟ್ಟುಕೊಂಡ ಮೇಲೆಯೇ ಊಟ. ಒಬ್ಬರು ಕೂಡದಿದ್ದರೂ ಉಳಿದವರು ಕೈ ಹಾಕುವಂತಿಲ್ಲ. ಹಾಗಾಗಿ ನಮ್ಮಲ್ಲಿ ಯಾರ ಮುನಿಸೂ ಯಾರ ನೋವೂ ಒಂದು ಹೊತ್ತಿಗಿಂತ ಹೆಚ್ಚು ಗುಟ್ಟಾಗಿ ಉಳಿಯುವುದಿಲ್ಲ.

ನಾನು ಬೇಗ ಉಣ್ಣುತ್ತಿದ್ದೆ, ಅಥವಾ ಹಸಿವಿಲ್ಲ ಎನ್ನುತ್ತಿದ್ದೆ. ಕೆಲವು ದಿನ ರೊಟ್ಟಿ ಬಿಸಿ ಮಾಡುವ ನೆಪದಲ್ಲಿ ಒಲೆಯ ಮುಂದೆಯೇ ನಿಲ್ಲುತ್ತಿದ್ದೆ. ಒಂದು ಮಧ್ಯಾಹ್ನ ಅತ್ತೆ ಉಪ್ಪಿನ ಬಟ್ಟಲನ್ನು ಮುಚ್ಚಿಟ್ಟರು.

"ಜೈನಬ್, ನೀ ಯಾಕ ಕೂಡವಲ್ಲಿ? ಏನಾಗೇತಿ?"

ಅತ್ತೆಯನ್ನು ನಾನು ಸಾಸುಮಾ ಎಂದು ಕರೆಯುತ್ತಿದ್ದೆ. ಅವರು ಆಡುತ್ತಿದ್ದುದು ಗುಜರಾತಿ. ಇಲ್ಲಿ ನನ್ನ ಹುಬ್ಬಳ್ಳಿಯ ಕನ್ನಡದಲ್ಲಿ ಬರೆದಿದ್ದೇನೆ, ಬೇರೆ ಕನ್ನಡದಲ್ಲಿ ಅವರ ದನಿ ನನಗೆ ಕೇಳಿಸುವುದಿಲ್ಲ. ನಮ್ಮ ಹಿರಿಯರು ಯಾವುದೋ ಕಾಲದಲ್ಲಿ ಗುಜರಾತಿನಿಂದ ವ್ಯಾಪಾರಕ್ಕೆಂದು ದಕ್ಷಿಣಕ್ಕೆ ಬಂದವರು. ನನ್ನ ತಂದೆಗೆ ಹುಬ್ಬಳ್ಳಿಯಲ್ಲಿ ಕಬ್ಬಿಣದ ಅಂಗಡಿ ಇತ್ತು. ಗಂಡ ಮುಸ್ತಫಾಗೆ ಚೆನ್ನೈನ ಪ್ಯಾರೀಸ್ ಕಾರ್ನರ್ ಹಿಂದಿನ ಓಣಿಯಲ್ಲಿ ಬೋಲ್ಟು ನಟ್ಟಿನ ಅಂಗಡಿ, ಅದರ ಮೇಲೆಯೇ ಮನೆ. ನಾನು ಶಾಲೆ ಕಲಿತದ್ದು ಕನ್ನಡದಲ್ಲಿ, ಎಂ.ಎ. ಮಾಡಿದ್ದು ಕನ್ನಡದಲ್ಲಿ. ದಿನಚರಿ ಬರೆಯುವುದೂ ಅದರಲ್ಲೇ. ಮನೆಯಲ್ಲಿ ಅದನ್ನು ಓದಬಲ್ಲವರು ಯಾರೂ ಇರಲಿಲ್ಲ, ಆದರೂ ಆ ತಿಂಗಳುಗಳ ಪುಟಗಳಲ್ಲಿ ನೋವಿನ ಬಗ್ಗೆ ಇರುವುದು "ಮೈ ಸರಿಯಿಲ್ಲ" ಎಂಬ ಎರಡು ಮಾತು ಮಾತ್ರ. ಯಾರಿಂದ ಮುಚ್ಚಿಡುತ್ತಿದ್ದೆನೋ ತಿಳಿಯದು. ಆದ್ದರಿಂದ ಇಲ್ಲಿ ಬರೆಯುತ್ತಿರುವುದರಲ್ಲಿ ಹೆಚ್ಚಿನದು ನೆನಪು, ಮತ್ತು ನನ್ನ ನೆನಪನ್ನು ನಾನು ಪೂರ್ತಿ ನಂಬುವವಳಲ್ಲ.

ಕಾಲುಗಳ ನಡುವೆ ಒಂದು ಗಂಟು ಬೆಳೆದಿತ್ತು. ಮೊದಲು ಕಡಲೆಯಷ್ಟು, ಆಮೇಲೆ ನೆಲ್ಲಿಕಾಯಿಯಷ್ಟು. ಉರಿ ಬಹಳ ವರ್ಷಗಳಿಂದ ಇತ್ತು. ಹೆರಿಗೆಯ ಮೊದಲೂ ಇತ್ತು, ಆಮೇಲೂ ಇತ್ತು. ಹೆಂಗಸಾಗಿ ಹುಟ್ಟಿದ ಮೇಲೆ ಇಷ್ಟು ಇರುವುದೇ ಎಂದುಕೊಂಡಿದ್ದೆ. ಗಂಟು ಮಾತ್ರ ಹೊಸದು. ಅದಕ್ಕೆ ನಾನು ಮನಸ್ಸಿನಲ್ಲಿ ಇಟ್ಟಿದ್ದ ಹೆಸರು ಕ್ಯಾನ್ಸರ್. ಮಗಳು ಸಕೀನಾಗೆ ಆಗ ಏಳು ತುಂಬುವುದರಲ್ಲಿತ್ತು. ಅವಳ ಜಡೆ ಹೆಣೆಯುವಾಗೆಲ್ಲ, ನಾನು ಹೋದರೆ ಇದನ್ನು ಯಾರು ಮಾಡುತ್ತಾರೆ ಎಂದು ಯೋಚಿಸಿ ಜಡೆಯನ್ನು ಬಿಗಿ ಮಾಡಿಬಿಡುತ್ತಿದ್ದೆ. ಅವಳು "ಅಮ್ಮಾ, ವಲಿಕ್ಕುದು!", ನೋಯುತ್ತೆ, ಎಂದು ತಮಿಳಿನಲ್ಲಿ ಕಿರುಚುತ್ತಿದ್ದಳು. ಅವಳಿಗೆ ಗುಜರಾತಿಯೂ ಕನ್ನಡವೂ ತಿಳಿಯುತ್ತಿತ್ತು, ಉತ್ತರ ಮಾತ್ರ ಯಾವಾಗಲೂ ಶಾಲೆಯ ತಮಿಳಿನಲ್ಲಿ.

ಸಾಸುಮಾಗೆ ಅಂದು "ಬೆನ್ನುನೋವು" ಎಂದೆ. ನಿಜ ಹೇಳಿದ್ದು ವಾರಿಜಕ್ಕನಿಗೆ.

ವಾರಿಜಕ್ಕ ಕುಂದಾಪುರದ ಕಡೆಯವರು. ಅವರ ಗಂಡ ಪಕ್ಕದ ಬೀದಿಯ ಸಸ್ಯಾಹಾರಿ ಹೋಟೆಲಿನಲ್ಲಿ ಮ್ಯಾನೇಜರು. ಒಮ್ಮೆ ಅಂಗಡಿಯ ಮುಂದೆ ನಾನು ಮಗಳನ್ನು ಕನ್ನಡದಲ್ಲಿ ಬೈಯುವುದನ್ನು ಕೇಳಿ, ಕೈಯಲ್ಲಿದ್ದ ತರಕಾರಿ ಚೀಲ ಕೆಳಗಿಟ್ಟು, "ಎಂತ, ನೀವು ಕನ್ನಡದವ್ರಾ?" ಎಂದಿದ್ದರು. ಅಂದಿನಿಂದ ನಮ್ಮಿಬ್ಬರದು ಸ್ನೇಹ. ಅವರ ಕನ್ನಡ ನನಗೆ ಅರ್ಧ ತಿಳಿಯುತ್ತಿರಲಿಲ್ಲ, ನನ್ನದು ಅವರಿಗೆ ಜಗಳದಂತೆ ಕೇಳುತ್ತಿತ್ತು. ಆದರೂ ಸಾಕಾಗುತ್ತಿತ್ತು.

"ಹಾಗಾದ್ರೆ ಇಷ್ಟ್ ದಿನ ಎಂತ ಮಾಡ್ತಿದ್ದೆ ಮಾರಾಯ್ತಿ? ಗಂಟಿಗೆ ಜಾತಕ ಬರೆಸ್ಲಿಕ್ಕೆ ಕಾಯ್ತಿದ್ಯಾ?" ಎಂದರು. "ನಾಳೆ ಹೋಪ. ಹೆಂಗಸ್ರ ಆಸ್ಪತ್ರೆ. ಡಾಕ್ಟ್ರೂ ಹೆಂಗಸೇ."

"ಮನಿಯಾಗ ಏನ್ ಹೇಳ್ಲಿ ಅಕ್ಕಾ?"

"ಟಿ. ನಗರಕ್ಕೆ ಸೀರೆ ಕಾಂಬುಕೆ ಹೋಯ್ತೇವೆ ಅಂದ್ರೆ ಆಯ್ತು. ಸೀರೆ ನೋಡೂಕೆ ಒಂದಿನ ಬೇಕೆಂದು ಗಂಡಸ್ರಿಗೂ ಗೊತ್ತುಂಟು."

ಎಗ್ಮೋರಿನ ಕಡೆಯ ಆ ಆಸ್ಪತ್ರೆಯ ಬೆಂಚುಗಳು ನನಗೆ ಇಂದಿಗೂ ಕಣ್ಣಿಗೆ ಕಟ್ಟಿವೆ. ಕುಳಿತುಕೊಳ್ಳಲಾಗದ ಹೆಂಗಸರಿಗಾಗಿ ಕಬ್ಬಿಣದ ಬೆಂಚು. ನಾನು ಗೋಡೆಗೆ ಒರಗಿ ನಿಂತಿದ್ದೆ. ನನ್ನಂತೆಯೇ ನಿಂತಿದ್ದ ಇನ್ನೂ ಕೆಲವರಿದ್ದರು. ಮಲ್ಲಿಗೆ ಮುಡಿದ ಒಬ್ಬಳು ಮುರುಕು ತಿನ್ನುತ್ತ, ಅರ್ಧ ಮುರಿದು ಕೇಳದೆಯೇ ನನ್ನ ಕೈಗೆ ಕೊಟ್ಟಳು. ಅವಳಿಗೆ ಏನಾಗಿತ್ತೋ ನಾನು ಕೇಳಲಿಲ್ಲ, ಅವಳೂ ಕೇಳಲಿಲ್ಲ. ದಿನಚರಿಯಲ್ಲಿ ಅಂದು ಮಳೆ ಬಂತೆಂದು ಬರೆದಿದ್ದೇನೆ. ನನಗೆ ನೆನಪಿರುವುದು ಮಾತ್ರ ಸೆಕೆ, ಬೆವರಿನಲ್ಲಿ ಮೆತ್ತಗಾಗಿ ಬೆರಳಿಗೆ ಅಂಟಿದ ಮುರುಕು, ಮತ್ತು ಅಪರಿಚಿತರ ನಡುವೆ ಮೊದಲ ಬಾರಿಗೆ ಅನ್ನಿಸಿದ ಒಂದು ಸಣ್ಣ ನೆಮ್ಮದಿ.

ಡಾಕ್ಟರಿಗೆ ಐವತ್ತರ ಸುಮಾರು, ಕನ್ನಡಕ ಸರಪಳಿಯಲ್ಲಿ ನೇತಾಡುತ್ತಿತ್ತು. ತಮಿಳಿನಲ್ಲಿ ನಿಧಾನವಾಗಿ ಮಾತಾಡಿದರು. ಪರೀಕ್ಷೆ ಮಾಡಿ, ಕೈ ತೊಳೆದುಕೊಂಡು, ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡರು.

"ನೋಡಮ್ಮಾ, ಇದು ಕೆಟ್ಟ ಗಂಟಿನ ಹಾಗೆ ಕಾಣಿಸ್ತಿಲ್ಲ. ತೆಗೆದು ಪರೀಕ್ಷೆಗೆ ಕಳಿಸೋಣ. ಆದರೆ ಇದು ಬೆಳೆದಿರೋದು ಒಂದು ಹಳೇ ಗಾಯದ ಕಲೆಯೊಳಗೆ. ಚಿಕ್ಕವಳಿದ್ದಾಗ ಅಲ್ಲಿ ಏನಾದರೂ ಆಗಿತ್ತಾ?"

"ಇಲ್ಲ" ಎಂದೆ. ನಾನು ಸುಳ್ಳು ಹೇಳಲಿಲ್ಲ. ಆ ಕ್ಷಣದವರೆಗೆ ಅದು ನಿಜವೇ ಆಗಿತ್ತು.

ಹೊರಗೆ ಯಾರದೋ ಹೆಸರು ಕೂಗುತ್ತಿದ್ದರು. ಆಮೇಲೆ ನನಗೆ ಒಂದು ಮೆಟ್ಟಿಲು ಕಂಡಿತು. ಮರದ್ದು, ಕಡಿದಾದದ್ದು. ಹುಬ್ಬಳ್ಳಿಯಲ್ಲಿ ಯಾರದೋ ಮನೆಯ ಮಹಡಿ. ಫಾಲೂದಾ ಕುಡಿಸುತ್ತೇನೆಂದು ಹೇಳಿ ಅಮ್ಮ ಕರೆದುಕೊಂಡು ಹೊರಟಿದ್ದಳು. ಗುಲಾಬಿ ಬಣ್ಣದ ಎತ್ತರದ ಗ್ಲಾಸು ನನ್ನ ಕಣ್ಣ ಮುಂದಿತ್ತು. ಮಹಡಿಯಲ್ಲಿ ಚಾಪೆ, ಒಬ್ಬ ಮುದುಕಿ, ಇನ್ನಾರೋ ಹೆಂಗಸರು. ಆಮೇಲೆ ನನ್ನ ತಲೆಯ ಬಳಿ ಕುಳಿತ ಯಾರೋ ಒಬ್ಬರು ಅಂಗೈಯಿಂದ ನನ್ನ ಎರಡೂ ಕಣ್ಣು ಮುಚ್ಚಿದರು. ಆ ಕೈಗೆ ಮೆಂತ್ಯದ ವಾಸನೆ ಇತ್ತು. ನೋವು ಬಂದದ್ದು ಆ ಕತ್ತಲೆಯೊಳಗೆ.

ನಮ್ಮಲ್ಲಿ ಅದಕ್ಕೂ ಖತ್ನಾ ಎಂದೇ ಹೆಸರು. ಗಂಡುಮಕ್ಕಳ ಸುನ್ನತಿ ಎಲ್ಲರಿಗೂ ಗೊತ್ತು, ಸಿಹಿ ಹಂಚುತ್ತಾರೆ. ಹೆಣ್ಣುಮಕ್ಕಳಿಗೂ ಅಲ್ಲಿ ಕೊಯ್ಯಿಸುವ ಮನೆಗಳಲ್ಲಿ ಅದು ಹೆಂಗಸರ ನಡುವೆಯೇ ಮುಗಿಯುತ್ತದೆ, ಗಂಡಸರಿಗೆ ತಿಳಿಸುವುದಿಲ್ಲ. ಎಲ್ಲ ಮನೆಗಳೂ ಮಾಡಿಸುವುದಿಲ್ಲ, ಅದನ್ನೂ ಹೇಳಬೇಕು. ಆದರೆ ಮಾಡಿಸಿದವರು ಆಡುವುದಿಲ್ಲ, ಮಾಡಿಸದವರೂ ಆಡುವುದಿಲ್ಲ. ಹಾಗಾಗಿ ಎಷ್ಟು ಮನೆ ಎಂದು ಯಾರಿಗೂ ತಿಳಿಯದು.

ಬಸ್ಸಿನಲ್ಲಿ ಬರುವಾಗ ವಾರಿಜಕ್ಕ ನನ್ನ ಕೈ ಹಿಡಿದುಕೊಂಡೇ ಇದ್ದರು. ಹೇಳಿದೆ. ಅವರಿಗೆ ಅರ್ಥವಾಗಲು ಎರಡು ನಿಲ್ದಾಣ ಬೇಕಾಯಿತು.

"ನೀನು ಅಷ್ಟೆಲ್ಲ ಓದಿದವಳು. ನಿಂಗೆ ಗೊತ್ತೇ ಇರ್ಲಿಲ್ವಾ?" ಎಂದರು. ಚುಚ್ಚಿ ಹೇಳಿದ್ದಲ್ಲ, ನಿಜವಾಗಿ ಆಶ್ಚರ್ಯಪಟ್ಟು ಕೇಳಿದ್ದು.

ಆ ಪ್ರಶ್ನೆಯ ಜೊತೆ ನಾನು ಬಹಳ ವರ್ಷ ಬದುಕಿದ್ದೇನೆ. ಹೈಸ್ಕೂಲಿನ ಜೀವಶಾಸ್ತ್ರದ ಮೇಷ್ಟ್ರು ಆ ಒಂದು ಪಾಠ ಬಂದಾಗ, "ಇದನ್ನ ಮನಿಯಾಗ ಓದ್ಕೊಳ್ರಿ" ಎಂದು ಪುಟ ತಿರುವಿಸಿದ್ದರು. ಮನೆಯಲ್ಲಿ ಅಮ್ಮ, "ಶಾಲ್ಯಾಗ ಹೇಳ್ತಾರ" ಎಂದಿದ್ದಳು. ಶಾಲೆ ಮನೆಗೆ ಬಿಟ್ಟಿತು, ಮನೆ ಶಾಲೆಗೆ ಬಿಟ್ಟಿತು. ಎಂ.ಎ.ಯಲ್ಲಿ ಹೆಣ್ಣಿನ ಹುಬ್ಬು, ನಡು, ನಡಿಗೆಗಳ ವರ್ಣನೆಯನ್ನು ಪದ್ಯಗಟ್ಟಲೆ ಕಂಠಪಾಠ ಮಾಡಿದೆ. ನನ್ನ ಮೈಯಲ್ಲಿ ಏನಿತ್ತು, ಏನಿಲ್ಲ ಎಂಬುದು ನನಗೆ ಗೊತ್ತಿರಲಿಲ್ಲ.

ಗಂಟು ತೆಗೆಯುವ ದಿನ ಗೊತ್ತಾದ ಮೇಲೆ ಮನೆಯಲ್ಲಿ ಹೇಳಲೇಬೇಕಾಯಿತು. ಮುಸ್ತಫಾ ಬೆವರು ಒರೆಸಿಕೊಂಡು, "ಕ್ಯಾನ್ಸರ್ ಅಲ್ಲ ತಾನೇ?" ಎಂದು ಎರಡು ಸಲ ಕೇಳಿದರು. ಯಾಕೆ ಬಂತೆಂದು ಹೇಳಲು ಹೊರಟಾಗ ಕೈ ಅಡ್ಡ ಹಿಡಿದರು. "ಹೆಂಗಸರದು ಅಮ್ಮಗ ಹೇಳು." ಮರುದಿನ ಎಂದಿನಂತೆ ಅಂಬತ್ತೂರಿನ ಕಾರ್ಖಾನೆಗಳಿಗೆ ಮಾಲು ಕೊಡಲು ಹೋದರು. ಹೋಗುವ ಮುಂಚೆ ನನ್ನ ಚಪ್ಪಲಿಯ ಕಿತ್ತ ಪಟ್ಟಿಗೆ ತಾವೇ ಮೊಳೆ ಹೊಡೆದಿಟ್ಟಿದ್ದರು. ಅವರ ಭಯ ಹಾಗೆ ಮಾತಾಡುತ್ತಿತ್ತು.

ಸಾಸುಮಾಗೆ ಎಲ್ಲ ಹೇಳಿದೆ. ಅವರು ಜರಿಯ ದಾರದಿಂದ ಟೋಪಿ ಹೆಣೆಯುತ್ತಿದ್ದರು. ಕೊಕ್ಕೆಸೂಜಿ ನಿಲ್ಲಲಿಲ್ಲ.

"ಹಂಗಂದ್ರ ನಿನಗ ಮಾಡಿದಾಕಿಗೆ ಕೆಲಸ ಬರ್ತಿರಲಿಲ್ಲ," ಎಂದರು. "ಪಾಪ. ಹುಬ್ಬಳ್ಳ್ಯಾಗ ಯಾವ ಮುದುಕಿನೋ ಏನೋ."

"ಹಂಗಲ್ಲ ಸಾಸುಮಾ. ಡಾಕ್ಟರ್ ಹೇಳಿದ್ದು..."

"ತಿಳೀತು ಬಿಡು. ಚಲೋ ಆತು ಹೇಳಿದ್ದು. ನಮ್ಮ ಸಕ್ಕೂಗ ಈ ರಜಾದಾಗ ಆಗಬೇಕಲ್ಲ, ಎರಡು ಓಣಿ ಆಚೆ ಇರೋ ಮುದುಕಿ ಹತ್ರ ಅಂದ್ಕೊಂಡಿದ್ದೆ. ಇನ್ನ ಬ್ಯಾಡ. ಆಕಿ ಕೈ ಈಗ ನಡಗ್ತಾವು. ನಿನ್ನ ಡಾಕ್ಟರ್ ಕಡೀನೇ ಮಾಡಸೋಣ. ಚೊಕ್ಕ ಆಗ್ತದ."

ಮನೆಯವರಿಗೆ ತಿಳಿಹೇಳಿದರೆ ಸಾಕು, ತಿಳಿವಳಿಕೆ ತನ್ನ ಕೆಲಸ ತಾನೇ ಮಾಡುತ್ತದೆ ಎಂದು ನಂಬಿದ್ದೆ. ನಾನು ಹೇಳಿದ ಪ್ರತಿ ಮಾತನ್ನೂ ಅವರು ಕೇಳಿಸಿಕೊಂಡಿದ್ದರು. ಕೇಳಿಸಿಕೊಂಡು, ತುಂಬ ಪ್ರೀತಿಯಿಂದ, ಮೊಮ್ಮಗಳಿಗೆ ಒಳ್ಳೆಯ ಆಸ್ಪತ್ರೆ ಹುಡುಕಿದ್ದರು.

"ಸಕೀನಾಗೆ ಬ್ಯಾಡ" ಎಂದೆ. ನನ್ನ ದನಿ ನನಗೇ ಕೇಳಲಿಲ್ಲವೇನೋ.

"ಬ್ಯಾಡ ಅನ್ನಾಕ ಅದೇನು ಹಾಗಲಕಾಯಿ ಪಲ್ಯ ಏನು? ನಾಳೆ ಆಕಿ ಲಗ್ನದ ಹೊತ್ತಿಗೆ ನಾಲ್ಕು ಮಂದಿ ಕೇಳ್ತಾರ. ನನಗೂ ಆಗೇತಿ, ನಿನಗೂ ಆಗೇತಿ, ನನ್ನ ಫಾತಿಮಾಗೂ ಆಗೇತಿ. ಯಾರು ಸತ್ರು?"

ಫಾತಿಮಾ ಎಂದರೆ ಮುಸ್ತಫಾರ ತಂಗಿ, ಮದುವೆಯಾಗಿ ಸೂರತ್ತಿನಲ್ಲಿದ್ದಳು. ಸಂಜೆ ಸಕೀನಾ ಶಾಲೆಯಿಂದ ಬಂದು ಚೀಲ ಎಸೆದಾಗ, ಸಾಸುಮಾ ಅವಳನ್ನು ಮಡಿಲಿಗೆ ಎಳೆದುಕೊಂಡು ಹೇಳುವುದು ಕೇಳಿಸಿತು: "ರಜಾ ಬರಲಿ ದೀಕ್ರೀ, ನಿನಗ ರೋಸ್ ಮಿಲ್ಕ್ ಕುಡಸ್ತೀನಿ. ನಾನು, ನೀನು, ಇಬ್ಬರss."

ಗುಲಾಬಿ ಬಣ್ಣದ ಗ್ಲಾಸು.

ಆಪರೇಷನ್ನಿಗೆ ಒಪ್ಪಿಗೆ ಕೊಡಲು ಮತ್ತೆ ಡಾಕ್ಟರನ್ನು ನೋಡಬೇಕಿದ್ದಾಗ ಸಾಸುಮಾ ತಾವೂ ಬರುತ್ತೇನೆಂದರು. ಮೊಮ್ಮಗಳ ವಿಷಯ ಅಲ್ಲೇ ಮಾತಾಡಿ ಮುಗಿಸಬಹುದು ಎಂದು. ಮೂವರೂ ಆಟೋದಲ್ಲಿ ಹೋದೆವು. ವಾರಿಜಕ್ಕ ಮಧ್ಯೆ ಕುಳಿತು ಒಂದು ಕಡೆ ಕನ್ನಡ, ಇನ್ನೊಂದು ಕಡೆ ಸನ್ನೆ ನಡೆಸುತ್ತಿದ್ದರು. ಆಸ್ಪತ್ರೆಯಲ್ಲಿ ಸಾಸುಮಾ ಮೊದಲು ಕೇಳಿದ್ದು ಬಾತ್‌ರೂಮು. ಬಹಳ ಹೊತ್ತು ಬರಲಿಲ್ಲ. ಇದು ಮನೆಯಲ್ಲೂ ಹಾಗೆಯೇ. ಅವರು ಬಾಗಿಲು ಹಾಕಿಕೊಂಡರೆ ಮುಸ್ತಫಾ, "ಅಮ್ಮ ಊರಿಗೆ ಹೋದಳು, ಬರೋದು ತಡ" ಎಂದು ನಗಿಸುತ್ತಿದ್ದರು. ಸಾಸುಮಾ ಕೂಡ ನಗುತ್ತಿದ್ದರು.

ಡಾಕ್ಟರ ಮುಂದೆ ಅವರು ನೇರ ವಿಷಯಕ್ಕೇ ಬಂದರು. ನನ್ನನ್ನು ಮೊಣಕೈಯಿಂದ ತಿವಿದು, "ಕೇಳು, ಮಗೂಗ ಈಕಿ ಮಾಡ್ತಾಳೇನು? ಚೊಕ್ಕ ಕೈಲೆ?" ಎಂದರು.

ನಾನು ತಮಿಳಿಗೆ ತಿರುಗಿಸಿದೆ. ಡಾಕ್ಟರು ಸಿಟ್ಟಾಗುತ್ತಾರೆ ಎಂದುಕೊಂಡೆ, ಆಗಲಿಲ್ಲ. "ಚೊಕ್ಕ ಕೈಯಿಂದ ತೆಗೆದರೂ ತೆಗೆದದ್ದು ತೆಗೆದದ್ದೇ ಅಲ್ವಾಮ್ಮಾ. ನಾನು ಮಾಡಲ್ಲ. ಮಗು ಚೆನ್ನಾಗಿದೆ. ಚೆನ್ನಾಗಿರೋ ಮಗು ನನ್ನ ಟೇಬಲ್ ಮೇಲೆ ಯಾಕೆ ಮಲಗಬೇಕು?" ಎಂದು, ಒಂದು ಕಾಗದ ತೆಗೆದುಕೊಂಡು ಚಿತ್ರ ಬಿಡಿಸತೊಡಗಿದರು. ಮೈ ಹೇಗಿರುತ್ತದೆ, ಎಲ್ಲಿ ಏನಿದೆ, ಯಾವುದು ಯಾತಕ್ಕೆ ಎಂದು. ನೀರು ಹೋಗುವ ದಾರಿ ಇದು, ಮಗು ಬರುವ ದಾರಿ ಇದು. ತೆಗೆಯುವುದು ಇದನ್ನು.

"ಇದು ಬೇಡದ ಚರ್ಮ ಅಲ್ಲ ಅಂತ ಹೇಳಮ್ಮಾ ಅವರಿಗೆ. ಬೆರಳ ತುದಿಯ ಹಾಗೆ, ಸ್ಪರ್ಶ ತಿಳಿಯೋ ಜಾಗ. ಗಾಯ ಆದರೆ ಕಲೆ ಗಟ್ಟಿಯಾಗತ್ತೆ, ಉರಿ ಬರತ್ತೆ, ಒಬ್ಬೊಬ್ಬರಿಗೆ ನೀರು ಹೋಗೋದೇ ಕಷ್ಟ ಆಗತ್ತೆ."

ಇದನ್ನು ಗುಜರಾತಿಯಲ್ಲಿ ಹೇಳಬೇಕು. ನನ್ನ ಬಳಿ ಮಾತೇ ಇರಲಿಲ್ಲ. ನನ್ನ ಮೂರು ಭಾಷೆಗಳಲ್ಲೂ ಇದ್ದದ್ದು ಬೈಗುಳ, ಇಲ್ಲವೇ ಮೌನ. ಕೊನೆಗೆ ಡಾಕ್ಟರ ಕೈಯ ಪೆನ್ನು ತೆಗೆದುಕೊಂಡು ಚಿತ್ರದ ಒಂದೊಂದು ಗೆರೆಯ ಮೇಲೂ ಇಟ್ಟು, ಇದು, ಇದು, ಇದು ಎಂದು ಹೇಳುತ್ತ ಹೋದೆ. ನನಗೂ ಅದು ಮೊದಲ ಪಾಠ. ಹೈಸ್ಕೂಲಿನಲ್ಲಿ ತಿರುವಿಹಾಕಿದ ಪುಟವನ್ನು ಅತ್ತೆಯ ಪಕ್ಕದಲ್ಲಿ ಕುಳಿತು, ಕುಳಿತಲ್ಲ, ನಿಂತು, ಓದುತ್ತಿದ್ದೆ.

ಸಾಸುಮಾ ಚಿತ್ರವನ್ನು ಹತ್ತಿರ ಹಿಡಿದರು, ದೂರ ಹಿಡಿದರು. ನೀರು ಹೋಗುವ ದಾರಿಯ ಮೇಲೆ ಉಗುರಿಟ್ಟರು. ಆಮೇಲೆ, ನನ್ನನ್ನು ಬಿಟ್ಟು, ನೇರ ಡಾಕ್ಟರನ್ನೇ ನೋಡಿ, ತರಕಾರಿಯವನ ಜೊತೆ ಆಡುವ ತಮ್ಮ ಹರಕುಮುರುಕು ತಮಿಳಿನಲ್ಲಿ ಕೇಳಿದರು:

"ಎನಕ್ಕು? ಎನಕ್ಕುಂ ಅದನಾಲೆಯಾ?"

ನನಗೆ? ನನಗೂ ಅದರಿಂದಲೇನಾ?

ವಾರಿಜಕ್ಕ ಕಿಟಕಿಯ ಕಡೆ ತಿರುಗಿಬಿಟ್ಟರು. ಡಾಕ್ಟರು ಎದ್ದು ಸಾಸುಮಾರ ಭುಜ ಹಿಡಿದು ಪರದೆಯ ಹಿಂದೆ ಕರೆದುಕೊಂಡು ಹೋದರು. ಹೊರಬಂದಾಗ, "ಎಲ್ಲವೂ ಅದರಿಂದಲೇ ಅಂತ ಖಚಿತವಾಗಿ ಹೇಳೋಕಾಗಲ್ಲ, ಆದರೆ ಕಲೆ ಇದೆ, ಅಡ್ಡವಾಗಿದೆ. ಸ್ವಲ್ಪ ಸುಲಭ ಮಾಡಬಹುದು" ಎಂದರು. ಸಾಸುಮಾ ಬುರ್ಖಾದ ಗುಂಡಿ ಹಾಕಿಕೊಳ್ಳುತ್ತಿದ್ದರು, ತಪ್ಪಾಗಿ ಹಾಕಿಕೊಂಡಿದ್ದರು. ನಾನು ಸರಿ ಮಾಡಿದೆ. ಸಕೀನಾಳ ಮಾತು ಅಲ್ಲಿ ಮತ್ತೆ ಬರಲಿಲ್ಲ. ಮನೆಯಲ್ಲೂ ಬರಲಿಲ್ಲ. ಒಪ್ಪಿದರೋ, ಬೇರೆ ದಾರಿ ಯೋಚಿಸುತ್ತಿದ್ದಾರೋ ತಿಳಿಯಲಿಲ್ಲ. ಕೇಳಲು ಧೈರ್ಯ ಬರಲಿಲ್ಲ.

ಆಪರೇಷನ್ ದೊಡ್ಡದೇನಲ್ಲ, ವಾರ್ಡಿಗೆ ಬೇಗ ತಂದರು. ಸೊಂಟದ ಕೆಳಗೆ ಮರಗಟ್ಟಿತ್ತು. ತಲೆಯ ಮೇಲೆ ಟ್ಯೂಬ್‌ಲೈಟು ಕಣ್ಣು ಚುಚ್ಚುತ್ತಿತ್ತು. ಸಾಸುಮಾ ತಲೆಯ ಬಳಿ ಸ್ಟೂಲಿನಲ್ಲಿ ಕುಳಿತಿದ್ದರು. ನಾನು ಕಣ್ಣು ಕಿರಿದು ಮಾಡುವುದನ್ನು ನೋಡಿ ಅಂಗೈಯನ್ನು ನನ್ನ ಕಣ್ಣುಗಳ ಮೇಲೆ ಇಟ್ಟರು.

ನಾನು ಕಿರುಚಿದೆನಂತೆ. ಅವರ ಕೈಯನ್ನು ಕಿತ್ತೆಸೆದದ್ದು ಮಾತ್ರ ನನಗೆ ನೆನಪಿದೆ.

ಅವರು ಆ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತರು. ಆಗ ನಾನು, ಮದ್ದಿನ ಮಂಪರಿನಲ್ಲೋ ಏನೋ, ಯಾರಿಗೂ ಹೇಳದ್ದನ್ನು ಹೇಳಿದೆ. ಅಮ್ಮ ಹೇಳಿದ ಫಾಲೂದಾ, ಮಹಡಿ, ಚಾಪೆ, ಮೆಂತ್ಯದ ವಾಸನೆಯ ಕೈ. ಅಮ್ಮ ನಾನು ಕಾಲೇಜಿನಲ್ಲಿದ್ದಾಗಲೇ ತೀರಿಕೊಂಡಿದ್ದಳು, ಕೇಳಲು ಯಾರೂ ಉಳಿದಿರಲಿಲ್ಲ. ಆ ಕೈ ಅಮ್ಮನದಾಗಿದ್ದರೆ, ಅವಳು ಆ ಕೋಣೆಯಲ್ಲಿದ್ದಳು, ಎಲ್ಲವನ್ನೂ ನೋಡಿದಳು, ನಿಲ್ಲಿಸಲಿಲ್ಲ. ಅಲ್ಲದಿದ್ದರೆ, ನನ್ನನ್ನು ಆ ಹೆಂಗಸರ ನಡುವೆ ಬಿಟ್ಟು ಕೆಳಗೆ ಹೋಗಿದ್ದಳು. ಎರಡರಲ್ಲಿ ನನಗೆ ಯಾವುದು ಬೇಕು? ಎರಡೂ ಬೇಡ, ಅಮ್ಮ ಬೇಕು.

"ಅದು ನಿಮ್ಮವ್ವನದs ಕೈ," ಎಂದರು ಸಾಸುಮಾ.

"ನಿಮಗ ಹೆಂಗ ಗೊತ್ತು?"

"ಬ್ಯಾರೇದವರು ಕಾಲು ಹಿಡೀತಾರ. ಕಣ್ಣು ಮುಚ್ಚಾಕಿ ತಾಯೀನ." ಅವರು ನನ್ನ ಕಡೆ ನೋಡುತ್ತಿರಲಿಲ್ಲ. "ಫಾತಿಮಾಂದು ನಾನs ಮುಚ್ಚಿದ್ದೆ. ಆಕಿ ನೋಡಬಾರದು ಅಂತ. ನನ್ನ ಮುಖ ನೋಡಬಾರದು ಅಂತ."

ಅವರು ನಿಜ ಹೇಳಿದರೋ, ಹಾಸಿಗೆಯಲ್ಲಿ ಮಲಗಿದ್ದ ಸೊಸೆಯ ಸಮಾಧಾನಕ್ಕೆ ಹೇಳಿದರೋ ಎಂದು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಮೆಂತ್ಯದ ವಾಸನೆ ಕೂಡ ನಿಜವೋ, ಅಮ್ಮನ ಅಡಿಗೆಮನೆಯಿಂದ ನಾನೇ ತಂದು ಆ ಕೈಗೆ ಹಚ್ಚಿದ್ದೋ. ಆದರೆ ಅಂದಿನಿಂದ ಆ ಕತ್ತಲೆಯಲ್ಲಿ ನನ್ನ ಜೊತೆ ಒಬ್ಬಳು ಇದ್ದಾಳೆ, ಅವಳೂ ಹೆದರಿದ್ದಾಳೆ.

ಪರೀಕ್ಷೆಯಲ್ಲಿ ಕ್ಯಾನ್ಸರ್ ಇಲ್ಲವೆಂದು ಬಂತು. ಮನೆಗೆ ಬಂದ ಮೇಲೂ ಕೂಡಲು ಆಗುತ್ತಿರಲಿಲ್ಲ. ಮೊದಲ ದಿನ ಊಟದ ಹೊತ್ತಿಗೆ, ನಾನು ಆಮೇಲೆ ಉಣ್ಣುತ್ತೇನೆ, ನೀವು ಶುರುಮಾಡಿ ಎಂದೆ. ಸಾಸುಮಾ ಹರಿವಾಣ ಎತ್ತಿಸಿ ನನ್ನ ಮಂಚದ ಮೇಲೆಯೇ ಇಡಿಸಿದರು. ಎಲ್ಲರೂ ಮಂಚದ ಸುತ್ತ ನಿಂತರು. ಮುಸ್ತಫಾ, "ಇದು ಮದುವಿ ಬಫೆ ಆದಂಗಾತು" ಎಂದರು. ಸಕೀನಾ ಉಪ್ಪಿನ ಬಟ್ಟಲು ಹಿಡಿದು ಹಾಸಿಗೆಯ ಮೇಲೆ ಮಂಡಿಯೂರಿ ಬಂದು ಮೊದಲು ನನಗೆ ಕೊಟ್ಟಳು. ವಾರಿಜಕ್ಕ ಕಳಿಸಿದ್ದ ಗಂಜಿಯೂ ಅದೇ ಹರಿವಾಣದ ನಡುವೆ ಬಂದು ಕೂತಿತ್ತು. ಅಷ್ಟು ರುಚಿಯ ಊಟ ನನಗೆ ಬೇರೆ ನೆನಪಿಲ್ಲ.

ಶಾಲೆಗೆ ರಜೆ ಬಂತು. ಒಂದು ಮಧ್ಯಾಹ್ನ ನಿದ್ದೆ ಹತ್ತಿತ್ತು. ಎಚ್ಚರವಾದಾಗ ಮನೆ ಸದ್ದಿಲ್ಲದೆ ಇತ್ತು. ಸಾಸುಮಾರ ಚಪ್ಪಲಿ ಇರಲಿಲ್ಲ. ಪಕ್ಕದಲ್ಲಿರಬೇಕಾದ ಸಕೀನಾಳ ಕೆಂಪು ಚಪ್ಪಲಿಯೂ ಇರಲಿಲ್ಲ. ಕೆಳಗೆ ಅಂಗಡಿಗೆ ಕೂಗಿದೆ. ಮುಸ್ತಫಾ ತೂಕದ ಯಂತ್ರದಿಂದ ತಲೆಯೆತ್ತದೆ, "ಅಮ್ಮನ ಕೂಡ ಹೋದಳು. ರೋಸ್ ಮಿಲ್ಕಂತ" ಎಂದರು.

ಮೆಟ್ಟಿಲು ಹೇಗೆ ಇಳಿದೆನೋ ಗೊತ್ತಿಲ್ಲ. ಹೊಲಿಗೆ ಎಳೆಯುತ್ತಿತ್ತು. ಓಣಿಯಲ್ಲಿ ಪೈಪು ತುಂಬಿದ ತಳ್ಳುಗಾಡಿಗಳು, "ವಳಿ, ವಳಿ!", ದಾರಿ ಬಿಡಿ ಎಂಬ ಕೂಲಿಯವರ ಕೂಗು. ದಾರಿ ಬಿಡಬೇಕಾದವಳು ನಾನು, ದಾರಿ ಸಿಗದವಳೂ ನಾನು. ಮೊದಲು ಎರಡು ಓಣಿ ಆಚೆಗೆ ಹೋದೆ. ಆ ಮುದುಕಿಯ ಮನೆಯ ಬಾಗಿಲಿಗೆ ಬೀಗ ಇತ್ತು. ಬೀಗ ಕಂಡು ಸಮಾಧಾನವಾಗಲಿಲ್ಲ, ಭಯ ಹೆಚ್ಚಿತು. ಇನ್ನೆಲ್ಲಿ? ಬೇರೆ ಡಾಕ್ಟರೇ? ನನಗೆ ಆಗ ಬೇಕಾಗಿದ್ದುದು ಒಂದೇ, ಅವಳನ್ನು ಹಿಡಿದೆತ್ತಿಕೊಳ್ಳುವುದು, ಇನ್ನೂ ಇಡಿಯಾಗಿರುವ ಅವಳನ್ನು.

ಮುಖ್ಯರಸ್ತೆಯ ತಿರುವಿನ ತಂಪುಪಾನೀಯದ ಅಂಗಡಿಯ ಮುಂದೆ ಕೆಂಪು ಚಪ್ಪಲಿ ಕಂಡವು. ನೆಲ ಮುಟ್ಟದೆ ಬೆಂಚಿನಿಂದ ತೂಗುತ್ತಿದ್ದವು.

ಸಕೀನಾಳ ಮೂಗಿನ ಕೆಳಗೆ ಗುಲಾಬಿ ಮೀಸೆ. ಸಾಸುಮಾ ಪಕ್ಕದಲ್ಲಿ, ಮುಸುಕು ಮೇಲೆತ್ತಿ, ಕೈಯಲ್ಲಿ ಗ್ಲಾಸು ಹಿಡಿದಿದ್ದರು. ನನ್ನನ್ನು ಕಂಡು ಅವರ ಮುಖದಲ್ಲಿ ಏನೂ ಬದಲಾಗಲಿಲ್ಲ.

"ಹೊಲಿಗಿ ಬಿಚ್ಚತಾವು. ನಿಂತs ಕುಡಿ," ಎಂದು ಅಂಗಡಿಯವನಿಗೆ ಇನ್ನೊಂದಕ್ಕೆ ಬೆರಳು ತೋರಿಸಿದರು.

"ಹೇಳದs ಬಂದ್ರಿ..." ಎಂದೆ.

"ರೋಸ್ ಮಿಲ್ಕ್ ಕುಡಸ್ತೀನಿ ಅಂದಿದ್ದೆ. ಕುಡಿಸಿದೆ. ಇನ್ನೇನು ಐತಿ ಇದರಾಗ?" ಎಂದರು. ಆಮೇಲೆ, "ನಿಮ್ಮವ್ವ ನಿನಗ ಫಾಲೂದಾ ಅಂದಿದ್ಳಲ್ಲ, ಆಮ್ಯಾಲೆ ಕುಡಿಸಿದ್ಲೇನು?"

"ನೆನಪಿಲ್ಲ ಸಾಸುಮಾ."

"ನನಗ ನೆನಪೈತಿ. ನನಗ ಪೇಡೆ ಕೊಡಸ್ತೀನಿ ಅಂದಿದ್ರು. ಕೊಡಿಸಲಿಲ್ಲ."

ಅವರು ಗ್ಲಾಸು ಓರೆ ಮಾಡಿ ತಳದಲ್ಲಿ ಉಳಿದದ್ದನ್ನು ಸದ್ದು ಮಾಡಿ ಹೀರಿದರು. ಸಕೀನಾ ನನ್ನ ಮುಖ ನೋಡಿ, "ಅಮ್ಮಾ, ಅಳಾದೇ. ಇನ್ನೊಣ್ಣು ವಾಂಗಿಕ್ಕಲಾಂ" ಎಂದಳು. ಅಳಬೇಡ, ಇನ್ನೊಂದು ತೆಗೆದುಕೊಳ್ಳೋಣ. ಅವಳ ಲೆಕ್ಕದಲ್ಲಿ ನಾನು ಅಳುತ್ತಿದ್ದುದು ರೋಸ್ ಮಿಲ್ಕಿಗಾಗಿ. ಪೂರ್ತಿ ತಪ್ಪೇನೂ ಅಲ್ಲ.

ಆಮೇಲಿನ ವರ್ಷಗಳಲ್ಲಿ ಸಾಸುಮಾ ಯಾರ ಮುಂದೆಯೂ ಭಾಷಣ ಮಾಡಲಿಲ್ಲ. ಆದರೆ ಏಳರ ಆಸುಪಾಸಿನ ಹೆಣ್ಣುಮಗುವಿದ್ದ ಮನೆಯ ಹೆಂಗಸರು ಬಂದರೆ, ರೊಟ್ಟಿ ಹಿಟ್ಟನ್ನು ಹರಿವಾಣದಲ್ಲಿ ಹರಡಿ, ಬಾಗಿಲು ಮುಂದೆ ಮಾಡಿ, ಬೆರಳಿನಿಂದ ಗೆರೆ ಎಳೆಯುತ್ತಿದ್ದರು. ಇದು ನೀರಿನ ದಾರಿ, ಇದು ಕೂಸಿನ ದಾರಿ, ಇದು ನಮಗ ಬ್ಯಾಡ ಅಂತ ಹೇಳಿಕೊಟ್ಟಿದ್ದು. ಬಂದವರು ಮೊದಲು ನಾಚಿ ನಗುತ್ತಿದ್ದರು. ಆಮೇಲೆ ಯಾರಾದರೂ ಒಬ್ಬರು ನಗು ನಿಲ್ಲಿಸಿ ಹತ್ತಿರ ಬಗ್ಗುತ್ತಿದ್ದರು. ಪಾಠ ಮುಗಿದ ಮೇಲೆ ನೀರು ಹಾಕಿ ಎಲ್ಲವನ್ನೂ ನಾದಿಬಿಡುತ್ತಿದ್ದರು. ಕೆಲವರು ಕೇಳಿ ಬಿಟ್ಟರು, ಕೆಲವರು ಕೇಳಿಯೂ ಮಾಡಿಸಿದರು. ಒಬ್ಬಳು ನಮ್ಮ ಮನೆಯ ಮೆಟ್ಟಿಲು ಹತ್ತುವುದನ್ನೇ ನಿಲ್ಲಿಸಿದಳು.

ಉರಿ ನನಗೆ ಪೂರ್ತಿ ಹೋಗಿಲ್ಲ. ಮೋಡದ ದಿನ ಕಲೆ ಬಿಗಿಯುತ್ತದೆ. ಇದನ್ನು ಓದುತ್ತಿರುವ ಯಾರಿಗಾದರೂ ಊಟಕ್ಕೆ ಕೂಡಲು ನೆಪ ಹುಡುಕಬೇಕಾಗಿದ್ದರೆ, ಆ ಬೆಂಚಿನ ಪಕ್ಕ ಗೋಡೆಗೆ ಒರಗಿ ನಿಂತವರು ಇನ್ನೂ ಇದ್ದೇವೆ ಎಂದಷ್ಟೇ ಹೇಳಬಲ್ಲೆ. ಸಾಸುಮಾ ಈಗಿಲ್ಲ. ಸಕೀನಾ ಕಾಲೇಜಿಗೆ ಹೋಗುತ್ತಾಳೆ, ಅವಳಿಗೆ ಎಲ್ಲ ಹೇಳಿದ್ದೇನೆ. ಕೇಳಿ, ನನ್ನ ಕೈಯನ್ನು ತೆಗೆದುಕೊಂಡು ಮೂಸಿ ನೋಡಿದಳು. "ಸೋಪ್ ವಾಸನೆ" ಎಂದಳು.

ನನಗೆ ಒಂದೇ ಆಸೆ ಉಳಿದಿದೆ, ಆಗದ ಆಸೆ. ಹುಬ್ಬಳ್ಳಿಯ ನಮ್ಮ ಅಡಿಗೆಮನೆಯಲ್ಲಿ, ನನಗೆ ಏಳು ತುಂಬುವ ಮುಂಚಿನ ಯಾವುದೋ ಒಂದು ಬೆಳಗ್ಗೆ, ಅಮ್ಮನ ಎದುರು ಹಿಟ್ಟಿನ ಹರಿವಾಣ ಇಡಬೇಕು. ಮೆಂತ್ಯ ಸೋಸುತ್ತಿರುವ ಅವಳ ಕೈ ಹಿಡಿದು, ಅವಳ ಬೆರಳಿನಿಂದಲೇ ಆ ಗೆರೆಗಳನ್ನು ಎಳೆಸಬೇಕು. ಯಾರೂ ನಿನಗೆ ಹೇಳಲಿಲ್ಲ ಅಲ್ಲವೇ ಅಮ್ಮಾ, ಎಂದು ಕೇಳಬೇಕು. ಅವಳು ನೋಡುವಷ್ಟು ಹೊತ್ತು ನೋಡಲಿ. ಆಮೇಲೆ ನೀರು ಹಾಕಿ ಇಬ್ಬರೂ ನಾದಬೇಕು. ಎಲ್ಲರೂ ಬಂದು ಕೂತ ಮೇಲೆ, ಮನೆಗೆ ಚಿಕ್ಕವಳಾದ ನಾನು ಉಪ್ಪಿನ ಬಟ್ಟಲು ಹಿಡಿದು ಮೊದಲು ಅವಳ ಮುಂದೆ ಹೋಗಬೇಕು.